ಸೀಲಿಂಗಿನ ನೀಲಿ ಕಣ್ಣು ಮುಚ್ಚಿಸುವುದು ಹೇಗೆ?

ಸಕಲೇಶಪುರದ ಹತ್ತಿರ ನಮ್ಮ ಮಾವನದ್ದೊಂದು ಹೋಮ್‌ಸ್ಟೇ ಇದೆ. ಅಲ್ಲಿನ ವೈಫೈ ನನ್ನ ತಲೆಗೆ ಕಟ್ಟಿದ ಕೆಲಸ. ಕಳೆದ ಮಳೆಗಾಲದಲ್ಲಿ ನಾಲ್ಕನೇ ಕೋಣೆಯಲ್ಲಿ ಏಣಿ ಹತ್ತಿದರೆ, ಆಕ್ಸೆಸ್ ಪಾಯಿಂಟಿನ (ಎಪಿ, ಅಂದರೆ ವೈಫೈ ಬಿತ್ತರಿಸುವ ಸೀಲಿಂಗಿನ ಪೆಟ್ಟಿಗೆ) ನೀಲಿ ದೀಪದ ಉಂಗುರದ ಮೇಲೆ ಯಾರೋ ಹಣೆಗಿಡುವ ಮೆರೂನ್ ಸ್ಟಿಕ್ಕರ್‌ಗಳನ್ನು ಸಾಲಾಗಿ ಅಂಟಿಸಿದ್ದರು. ಒಟ್ಟು ಹದಿಮೂರು. ಪಾಪ, ಪ್ಯಾಕೆಟ್ ಖಾಲಿಯಾಗಿರಬೇಕು, ಉಳಿದ ಸಂದಿನಿಂದ ನೀಲಿ ಬೆಳಕು ಇನ್ನೂ ಹಾಸಿಗೆಯ ಮೇಲೆ ಬೀಳುತ್ತಿತ್ತು. ‘ನಿನ್ನ ಡಬ್ಬಿ ಕಣ್ಣು ಬಿಟ್ಕೊಂಡು ಕೂತಿರುತ್ತೆ ಕಣೋ, ಗೆಸ್ಟ್‌ಗಳಿಗೆ ನಿದ್ದೆ ಬರಲ್ವಂತೆ’ ಎಂದು ಮಾವ ಎರಡು ಸಲ ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಇಷ್ಟು ಸಣ್ಣ ದೀಪ ಅಷ್ಟೊಂದು ಕಾಡುವುದಕ್ಕೆ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು ಕಣ್ಣಿಗೆ 20–30 ನಿಮಿಷ ಬೇಕು. ಆಮೇಲೆ ನೋಡುವ ಕೆಲಸ ವಹಿಸಿಕೊಳ್ಳುವ ಕೋಶಗಳು ಕೆಂಪಿಗಿಂತ ನೀಲಿ, ಹಸಿರಿಗೆ ಬಲು ಬೇಗ ಸ್ಪಂದಿಸುತ್ತವೆ. ಹಗಲಲ್ಲಿ ಗಮನಕ್ಕೇ ಬಾರದ ದೀಪ ನಡುರಾತ್ರಿ ಟಾರ್ಚ್ ಆಗುವುದು ಹಾಗೆ. ಕರೆಂಟ್ ಬಿಲ್ ಉಳಿಯುತ್ತದೆಂದು ದೀಪ ಆರಿಸುವವರಿದ್ದಾರೆ, ಅದು ಭ್ರಮೆ. ಹತ್ತು ವ್ಯಾಟ್ ತಿನ್ನುವ ಪೆಟ್ಟಿಗೆಯಲ್ಲಿ ಈ ದೀಪದ ಪಾಲು ಚಿಟಿಕೆಯಷ್ಟು.

ಟೇಪ್ ಅಂಟಿಸುವುದು, ಟವೆಲ್ ಸುತ್ತುವುದು ಎರಡೂ ಬೇಡ. ಟೇಪಿನ ಅಂಟು ಪ್ಲಾಸ್ಟಿಕ್ಕಿನ ಮೇಲೆ ಉಳಿಯುತ್ತದೆ, ಟವೆಲ್ ಸುತ್ತಿದರೆ ಶಾಖ ಹೊರಹೋಗಲು ಜಾಗ ಇರುವುದಿಲ್ಲ. ಒಂದೆರಡಲ್ಲ, ಹತ್ತಾರು ಆಕ್ಸೆಸ್ ಪಾಯಿಂಟ್‌ಗಳಿದ್ದರೆ ಏಣಿಯ ಸಹವಾಸವೇ ಬೇಡ, ಎಲ್ಲವನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ಕಂಟ್ರೋಲರ್ ಎಂಬ ತಂತ್ರಾಂಶದಿಂದ ಒಂದೇ ಸಲಕ್ಕೆ ಆರಿಸಬಹುದು. ಮಾವನ ಮನೆಯಲ್ಲಿರುವುದು ಯುಬಿಕ್ವಿಟಿ ಕಂಪನಿಯ ಯೂನಿಫೈ, ಹನ್ನೊಂದು ಪೆಟ್ಟಿಗೆ. ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಹೆಸರಿಡಿ, ಆಮೇಲೆ ಆರಿಸಿ

ಎಲ್ಲರೂ ಹಾರಿಬಿಡುವ ಹೆಜ್ಜೆ ಇದು. ಹೊಸದಾಗಿ ಸೇರಿಸಿದ ಪೆಟ್ಟಿಗೆಗಳೆಲ್ಲ ಕಂಟ್ರೋಲರ್‌ನ ಪಟ್ಟಿಯಲ್ಲಿ ಮಾಡೆಲ್ ಹೆಸರಿನಲ್ಲೇ ಕಾಣುತ್ತವೆ, ಹನ್ನೊಂದಕ್ಕೂ ಒಂದೇ ಹೆಸರು. ದೀಪ ಆರಿದ ಮೇಲೆ ಯಾವುದು ಎಲ್ಲಿದೆ ಎಂದು ಹುಡುಕುವುದು ಕಷ್ಟ. ಹಾಗಾಗಿ ದೀಪ ಉರಿಯುತ್ತಿರುವಾಗಲೇ ಪಟ್ಟಿಯಲ್ಲಿ ಒಂದನ್ನು ಆಯ್ದುಕೊಂಡು ‘ಲೊಕೇಟ್’ ಒತ್ತಿ. ಎಲ್ಲೋ ಒಂದು ಕಡೆ ನೀಲಿ ದೀಪ ಪಟಪಟನೆ ಮಿಟುಕುತ್ತದೆ. ಒಬ್ಬರು ಲ್ಯಾಪ್‌ಟಾಪ್ ಮುಂದೆ, ಇನ್ನೊಬ್ಬರು ಕೋಣೆ ಕೋಣೆ ಸುತ್ತುತ್ತ ಫೋನಿನಲ್ಲಿ. ‘ಇಲ್ಲ... ಇಲ್ಲ... ಹಾಂ, ಅಡುಗೆಮನೆ ಪಕ್ಕದ್ದು!’ ಎಂದ ಕೂಡಲೇ ಹೆಸರು ಬದಲಿಸಿ. ‘ಎಪಿ 7’ ಎಂದಿಡಬೇಡಿ, ‘ಮೇಲ್ಮಹಡಿ ರೂಮ್ 4’ ಎಂದಿಡಿ. ನಮಗೆ ಇದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು, ಉಳಿದದ್ದಕ್ಕೆ ಐದು ನಿಮಿಷ.

ಈಗ ಒಂದೇ ಸ್ವಿಚ್

ಪಟ್ಟಿಯಲ್ಲಿ ಎಲ್ಲವೂ ಆನ್‌ಲೈನ್ ಇದೆಯೇ ನೋಡಿಕೊಳ್ಳಿ. ಆಫ್‌ಲೈನ್ ಇರುವ ಪೆಟ್ಟಿಗೆಗೆ ನಿಮ್ಮ ಆದೇಶ ತಲುಪುವುದು ಅದು ಮತ್ತೆ ಸಂಪರ್ಕಕ್ಕೆ ಬಂದಾಗಲೇ. ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕುವ ಜಾಗದಲ್ಲಿ ‘ಎಲ್‌ಇಡಿ’ ಎಂದು ಟೈಪಿಸಿ. ಆವೃತ್ತಿ ಬದಲಾದಂತೆಲ್ಲ ಮೆನುವಿನ ಜಾಗವೂ ಬದಲಾಗುತ್ತಿರುತ್ತದೆ, ಹುಡುಕುವುದೇ ವಾಸಿ. ಇಡೀ ಸೈಟಿನ (ಅಂದರೆ ಅಲ್ಲಿನ ಎಲ್ಲ ಪೆಟ್ಟಿಗೆಗಳ) ದೀಪದ ಆಯ್ಕೆ ಸಿಕ್ಕಿದ ಮೇಲೆ ಆಫ್ ಮಾಡಿ, ಉಳಿಸಿ. ಸ್ವಲ್ಪ ಹೊತ್ತಿನಲ್ಲಿ ಒಂದೊಂದಾಗಿ ಆರುತ್ತವೆ. ಒಮ್ಮೆ ತಲುಪಿದ ಸೆಟ್ಟಿಂಗ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆಮೇಲೆ ಕಂಟ್ರೋಲರ್ ಇರುವ ಕಂಪ್ಯೂಟರ್ ಬಂದ್ ಮಾಡಿದರೂ ದೀಪ ಹೊತ್ತಿಕೊಳ್ಳುವುದಿಲ್ಲ.

ಯಾವುದೋ ಒಂದು ಹಟಮಾರಿ ಉರಿಯುತ್ತಲೇ ಇದ್ದರೆ, ಪಟ್ಟಿಯಲ್ಲಿ ಅದರ ಹೆಸರನ್ನೊತ್ತಿ ಅದರದೇ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಎಲ್‌ಇಡಿಗೆ ಮೂರು ಆಯ್ಕೆ: ಸೈಟ್ ಹೇಳಿದಂತೆ, ಆನ್, ಆಫ್. ಹಿಂದೆ ಯಾರೋ ‘ಆನ್’ ಎಂದಿಟ್ಟಿರುತ್ತಾರೆ. ಒಂಟಿ ಪೆಟ್ಟಿಗೆಯ ಮಾತೇ ಅಂತಿಮ, ಸೈಟಿನ ಮಾತು ಅಲ್ಲಿ ನಡೆಯುವುದಿಲ್ಲ.

ಎಲ್ಲವನ್ನೂ ಆರಿಸಬೇಡಿ

ನನ್ನ ಪ್ರಕಾರ ಇದು ಮುಖ್ಯ. ದೀಪ ಆರಿಸಿದ ಪೆಟ್ಟಿಗೆ, ಸತ್ತ ಪೆಟ್ಟಿಗೆ ಎರಡೂ ಕೆಳಗೆ ನಿಂತು ನೋಡಿದರೆ ಒಂದೇ ಥರ. ಅದಕ್ಕೇ ಯಾರೂ ಮಲಗದ ಕಡೆ, ಅಂದರೆ ವರಾಂಡ, ಊಟದ ಮನೆಯಲ್ಲಿ ಇರುವವನ್ನು ಅದೇ ಮೂರು ಆಯ್ಕೆಯಲ್ಲಿ ‘ಆನ್’ ಮಾಡಿಡಿ. ಕೋಣೆಯದ್ದು ಸತ್ತಿದೆಯೇ ಎಂಬ ಅನುಮಾನ ಬಂದರೆ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಪೆಟ್ಟಿಗೆಗಳಿಗೆ ಕರೆಂಟ್ ಕೊಡುವ ಸಾಧನ) ಹತ್ತಿರ ಹೋಗಿ ಆ ಪೋರ್ಟಿನ ಪುಟ್ಟ ದೀಪ ನೋಡಬೇಕು. ಯಾವ ಪೋರ್ಟ್ ಯಾವ ಕೋಣೆಗೆ ಎಂದು ರಟ್ಟಿನ ಮೇಲೆ ಬರೆದು ಸ್ವಿಚ್ಚಿನ ಪಕ್ಕ ನೇತುಹಾಕಿ. ದೀಪಕ್ಕಾಗಿ ರಾತ್ರಿ ಪಿಒಇಯನ್ನೇ ಬಂದ್ ಮಾಡುವ ವೇಳಾಪಟ್ಟಿ ಹಾಕಿದವರನ್ನು ಕಂಡಿದ್ದೇನೆ. ದೀಪದ ಜೊತೆ ವೈಫೈ ಕೂಡ ಮಲಗಿಬಿಟ್ಟಿತ್ತು.

ಬೇರೆ ಕಂಪನಿಯದಾದರೆ? ಟಿಪಿ-ಲಿಂಕ್ ಒಮಾಡಾದಲ್ಲೂ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಎಲ್‌ಇಡಿ ಸ್ವಿಚ್, ಒಂದೊಂದು ಪೆಟ್ಟಿಗೆಗೂ ಇದೇ ಮೂರು ಆಯ್ಕೆ. ಮೈಕ್ರೋಟಿಕ್‌ನ ಕೆಲವು ಮಾದರಿಗಳಲ್ಲಿ ತಕ್ಷಣವೇ ಅಥವಾ ಒಂದು ಗಂಟೆಯ ನಂತರ ಎಲ್ಲ ದೀಪ ಆರಿಸುವ ಸೌಲಭ್ಯವಿದೆ. ರೂಟರ್‌ಗೆ ಓಪನ್‌ವರ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡವರ ಕೈಯಲ್ಲಿ ಇನ್ನೂ ಹೆಚ್ಚು ಹಿಡಿತ: ಒಂದೊಂದು ದೀಪ ಯಾವ ಕಾರಣಕ್ಕೆ ಉರಿಯಬೇಕು ಎಂಬುದನ್ನೂ ನೀವೇ ಹೇಳಬಹುದು, ನಿಗದಿತ ಕೆಲಸಗಳ ಪುಟದಲ್ಲಿ ಎರಡು ಸಾಲು ಬರೆದರೆ ರಾತ್ರಿ ಹತ್ತಕ್ಕೆ ಆರಿ ಬೆಳಿಗ್ಗೆ ಆರಕ್ಕೆ ಹೊತ್ತುತ್ತದೆ.

ಉಳಿಸಿಕೊಂಡ ದೀಪದ ಭಾಷೆಯನ್ನು ಅಲ್ಲಿರುವವರಿಗೆ ಕಲಿಸಿಬಿಡಿ. ಯೂನಿಫೈಯಲ್ಲಿ ಮಿಟುಕದ ನೀಲಿ ಎಂದರೆ ಎಲ್ಲ ಸರಿ. ಬಿಳಿ ಮಿಟುಕಿದರೆ ಈಗಷ್ಟೇ ಏಳುತ್ತಿದೆ. ಬಿಳಿ ನಿಂತಲ್ಲೇ ನಿಂತರೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿದೆ, ಯಾರೋ ರಿಸೆಟ್ ಒತ್ತಿದ್ದಾರೆ.

ಆಷಾಢದಲ್ಲೊಂದು ರಾತ್ರಿ ಮಾವನ ಫೋನ್ ಬಂತು. ‘ಕರೆಂಟ್ ಈಗ ಬಂತು ಕಣೋ. ವರಾಂಡದ್ದು ಬಿಳಿ, ಮಿಟುಕ್ತಾ ಇದೆ.’

‘ಐದು ನಿಮಿಷ ಬಿಡಿ ಮಾವ’ ಎಂದೆ. ಅವರು ಫೋನ್ ಇಡಲಿಲ್ಲ, ಮಳೆಯ ಸದ್ದು ಕೇಳಿಸುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ, ‘ನೀಲಿ ಆಯ್ತು, ಮಲಕ್ಕೋ.’