ಫೋನಿಗೆ ಓದಿ ಹೇಳಿ ಕಂಪ್ಯೂಟರಿನಲ್ಲಿ ತಿದ್ದುವುದು: ನನ್ನ ಅನುಭವ

ಕೈಬರಹವನ್ನು ಫೋನಿಗೆ ಓದಿ ಹೇಳಿ ಟೈಪ್ ಮಾಡಿಸುವ ಬಗ್ಗೆ "ಇಂಗ್ಲಿಷಿಗಾದ್ರೆ ಸರಿ, ಕನ್ನಡಕ್ಕೆಲ್ಲ ಅದು ಆಗಾಕಿಲ್ಲ ಕಣಣ್ಣ" ಎಂದು ಮಂಡ್ಯದಲ್ಲಿ ಟೈಪಿಂಗ್ ಮಾಡುವ ಗೆಳೆಯರೆಲ್ಲ ಹೇಳಿದ್ದರು. ಆಗುತ್ತದೆ. ಸುಮಾರು ಎರಡು ವರ್ಷದಿಂದ ನಮ್ಮ ಟೈಪಿಂಗ್ ಅಂಗಡಿಯ ಕೈಬರಹದ ಕೆಲಸವೆಲ್ಲ ಹೀಗೇ ನಡೆಯುತ್ತಿದೆ. ಹಿಂದೆ ಒಂದು ಎ4 ಪುಟಕ್ಕೆ 20 ನಿಮಿಷ ಹಿಡಿಯುತ್ತಿತ್ತು. ಈಗ ಓದಿ ಹೇಳಲು 4 ನಿಮಿಷ, ತಿದ್ದಲು 6 ನಿಮಿಷ, ಅಲ್ಲಿಗೆ ಪುಟ ಮುಗಿಯಿತು. ದಿನಕ್ಕೆ 18 ಪುಟ ಆಗುತ್ತಿದ್ದದ್ದು 35ರ ಆಸುಪಾಸಿಗೆ ಬಂದಿದೆ. ಪುಟಕ್ಕೆ 40 ರೂಪಾಯಿಯಂತೆ ಲೆಕ್ಕ ಹಾಕಿಕೊಳ್ಳಿ.

ಗೂಗಲ್ ಧ್ವನಿ ಟೈಪಿಂಗಿಗೆ ಕನ್ನಡ ಬಂದದ್ದು 2017ರಲ್ಲಿ. ಅಂದು ಒಮ್ಮೆ ನೋಡಿ ಕೈಬಿಟ್ಟವರೇ ಹೆಚ್ಚು. ಅವರೆಲ್ಲ ಫೋನಿನಲ್ಲೇ ಹೇಳಿ ಫೋನಿನಲ್ಲೇ ತಿದ್ದಲು ಹೋದರು. ಸಣ್ಣ ಪರದೆಯಲ್ಲಿ ಒಂದು ಒತ್ತಕ್ಷರ ತಿದ್ದುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದು ಸಾಲನ್ನೇ ಟೈಪ್ ಮಾಡಬಹುದು. ಹೇಳುವುದು ಫೋನಿಗೆ, ತಿದ್ದುವುದು ಕಂಪ್ಯೂಟರಿನಲ್ಲಿ ಎಂದು ಕೆಲಸವನ್ನು ಎರಡಾಗಿ ಒಡೆದ ಮೇಲೆಯೇ ಇದು ಕೈಗೆ ಹತ್ತಿದ್ದು.

ಜೋಡಣೆ ಇಷ್ಟೆ. ಫೋನಿನಲ್ಲಿ ಜಿಬೋರ್ಡ್ (ಗೂಗಲಿನ ಕೀಲಿಮಣೆ) ಮತ್ತು ಗೂಗಲ್ ಡಾಕ್ಸ್, ಕಂಪ್ಯೂಟರಿನ ಕ್ರೋಮಿನಲ್ಲಿ ಅದೇ ಖಾತೆಯ ಡಾಕ್ಸ್. ಫೋನಿಗೆ ಹೇಳಿದ್ದು ನೆಟ್ ಮೂಲಕ ಕಂಪ್ಯೂಟರಿನಲ್ಲಿ ತೆರೆದಿರುವ ಅದೇ ಕಡತದಲ್ಲೂ ಮೂಡುತ್ತದೆ. ಜಿಬೋರ್ಡಿನ ಭಾಷೆಗಳಲ್ಲಿ ಕನ್ನಡ ಸೇರಿಸಿ, ಕನ್ನಡ ಕೀಲಿಮಣೆ ತೆರೆದಿರುವಾಗಲೇ ಮೈಕ್ ಒತ್ತಬೇಕು. ಇಂಗ್ಲಿಷ್ ಕೀಲಿಮಣೆ ತೆರೆದಿದ್ದಾಗ ಒತ್ತಿದರೆ ಕನ್ನಡವನ್ನೂ ಇಂಗ್ಲಿಷ್ ಎಂದೇ ಕೇಳಿಸಿಕೊಂಡು ಏನೇನೋ ಬರೆಯುತ್ತದೆ. ಇದಕ್ಕೆಂದೇ ಒಂದು ಹಳೇ ಫೋನ್ ಇಟ್ಟುಕೊಳ್ಳಿ. ನಮ್ಮದು 4,000 ರೂಪಾಯಿಯ ಸೆಕೆಂಡ್‌ಹ್ಯಾಂಡ್. ಸಿಮ್ ಹಾಕಿಲ್ಲ, ವೈಫೈ ಮಾತ್ರ. ನಡುವೆ ಕರೆ ಬಂದು ಮೈಕ್ ನಿಲ್ಲುವ ಕಾಟವಿಲ್ಲ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಪರದೆ ಆರುವ ಅವಧಿಯನ್ನು ಇರುವುದರಲ್ಲೇ ಅತಿ ಹೆಚ್ಚಿಗೆ ಇಟ್ಟುಬಿಡಿ. ಹಳೇ ಫೋನಿನಲ್ಲಿ ಕಡತ ಉದ್ದವಾದಷ್ಟೂ ಡಾಕ್ಸ್ ತೆವಳುತ್ತದೆ, ಹೇಳಿದ ಮಾತು ತಡವಾಗಿ ಮೂಡುತ್ತದೆ, ಕೆಲವು ಪದ ಬಿಟ್ಟೇ ಹೋಗುತ್ತವೆ. ಹಾಗಾಗಿ 8ರಿಂದ 10 ಪುಟಕ್ಕೊಂದು ಹೊಸ ಕಡತ.

ಇಬ್ಬರು ಕೂತು ಮಾಡುವುದಾದರೆ ತಿದ್ದುವವರು ಓದುವವರಿಗಿಂತ ಒಂದು ಪುಟ ಹಿಂದಿರಬೇಕು. ಧ್ವನಿ ಬೀಳುತ್ತಿರುವ ಪ್ಯಾರಾದೊಳಗೇ ಕೈಹಾಕಿದರೆ ಫೋನಿನ ಕರ್ಸರ್ ಜಾರಿ, ಒಂದು ವಾಕ್ಯದ ನಡುವೆ ಇನ್ನೊಂದು ವಾಕ್ಯ ನುಗ್ಗುತ್ತದೆ. ಶುರುವಿನಲ್ಲಿ ಮೂರು ನಾಲ್ಕು ಪುಟ ಹೀಗೇ ಹಾಳಾದವು. ಓದುವಾಗ ತಪ್ಪಿದರೆ ಫೋನನ್ನು ಮುಟ್ಟಬೇಡಿ. ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿ ಮುಂದಕ್ಕೆ ಹೋಗಿ, ಮೊದಲಿನದನ್ನು ಕಂಪ್ಯೂಟರಿನಲ್ಲಿ ಅಳಿಸಿದರಾಯಿತು.

ಮೈಕ್ ವಿಷಯದಲ್ಲಿ ಕಳೆದುಕೊಂಡ ದುಡ್ಡು ಸುಮಾರು 1,900. ಮೊದಲು 1,300ರ ಬ್ಲೂಟೂತ್ ಇಯರ್‌ಫೋನ್ ತಂದದ್ದು ದೊಡ್ಡ ತಪ್ಪು. ಬ್ಲೂಟೂತಿನಲ್ಲಿ ಮೈಕ್ ಚಾಲೂ ಆದ ಕೂಡಲೇ ಧ್ವನಿಯ ಗುಣಮಟ್ಟ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಶ, ಸ, ಷಗಳ ಮೇಲುದನಿ ಹೊರಟುಹೋಗುತ್ತದೆ. ಆಮೇಲೆ ಕ್ಯಾಮೆರಾಗೆ ಹಾಕುವ ಕಾಲರ್ ಮೈಕ್ ತಂದರೆ ಫೋನ್ ಅದನ್ನು ಗುರುತಿಸಲೇ ಇಲ್ಲ. ಫೋನಿಗೆ ಚುಚ್ಚುವ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ ನೋಡಿ: 2 ಗೆರೆ ಇದ್ದರೆ ಕ್ಯಾಮೆರಾದ್ದು, 3 ಗೆರೆ ಇದ್ದರೆ ಫೋನಿನದ್ದು. ಕೊನೆಗೆ ಕೈಹಿಡಿದದ್ದು 150 ರೂಪಾಯಿಯ ತಂತಿ ಇಯರ್‌ಫೋನ್. ಅದರ ಮೈಕ್ ಇರುವ ಗುಂಡಿಯನ್ನು ಅಂಗಿಯ ಮೇಲಿನ ಗುಂಡಿಯ ಹತ್ತಿರ ಪಿನ್ನಿನಿಂದ ಸಿಕ್ಕಿಸಬೇಕು. ಬಾಯಿಂದ ಒಂದು ಗೇಣು ದೂರ, ಬಾಯಿಗೆ ನೇರವಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ. ನೇರವಿದ್ದರೆ ಪ, ಬ, ಭ ಉಚ್ಚರಿಸುವಾಗ ಉಸಿರು ಬಡಿದು ಪದ ಕೆಡುತ್ತದೆ. ಮೇಲಿನ ಫ್ಯಾನಿನ ಗಾಳಿಯೂ ಹಾಗೇ ಕೆಡಿಸುತ್ತದೆ, ಮೈಕಿಗೆ ತೆಳು ಸ್ಪಂಜ್ ಸುತ್ತಿ. ಕಬ್ಬು ಅರೆಯುವ ಕಾಲದಲ್ಲಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಸಾಲು ಬಂದರೆ ಮಾತ್ರ ಯಾವ ಸ್ಪಂಜೂ ಸಾಲದು, ಒಳಕೋಣೆಗೆ ಹೋಗಲೇಬೇಕು.

ಇನ್ನು ಓದುವ ರೀತಿ. ನಮ್ಮ ಕಡೆಯ ನಾಲಿಗೆಗೆ ಹಕಾರ ಜಾರುತ್ತದೆ. ಹಾಸನವನ್ನು 'ಆಸನ' ಎಂದರೆ ಫೋನ್ ಆಸನ ಎಂದೇ ಬರೆಯುತ್ತದೆ. 'ಹಾಲು ಹಳ್ಳ' ಎಂಬುದು 'ಆಲು ಅಳ್ಳ' ಆದರೆ ಅದು ತಾನೇ ಏನು ಮಾಡೀತು? ರೇಡಿಯೊ ವಾರ್ತೆ ಓದುವವರಂತೆ ಗ್ರಾಂಥಿಕವಾಗಿ, ಹಕಾರ, ಮಹಾಪ್ರಾಣ, ದೀರ್ಘಗಳನ್ನು ಎಳೆಯದೆ ಸ್ಪಷ್ಟವಾಗಿ ಹೇಳಬೇಕು. ಆದರೆ ಬಿಡಿಬಿಡಿ ಪದವಾಗಿ ಅಲ್ಲ. 'ಸದರಿ', 'ಸ್ವತ್ತಿನ', 'ಮೇಲೆ' ಎಂದು ನಿಲ್ಲಿಸಿ ನಿಲ್ಲಿಸಿ ಹೇಳಿದಾಗ ನಮ್ಮಲ್ಲಿ ತಪ್ಪು ಹೆಚ್ಚಾಯಿತು. ಅದು ಅಕ್ಕಪಕ್ಕದ ಪದ ನೋಡಿಕೊಂಡು ಊಹೆ ಮಾಡುವ ಯಂತ್ರ. 'ಸದರಿ ಸ್ವತ್ತಿನ ಮೇಲೆ ಯಾವುದೇ ಸಾಲ ಇರುವುದಿಲ್ಲ' ಎಂದು ಒಂದೇ ಉಸಿರಿಗೆ ಹೇಳಿ, ಮುಂದಿನ ಸಾಲನ್ನು ಕಣ್ಣಲ್ಲೇ ಓದಿಕೊಂಡು ಮತ್ತೆ ಹೇಳಿ. ಆದರೆ ನಾಲ್ಕೈದು ಸೆಕೆಂಡ್ ಸುಮ್ಮನಿದ್ದರೆ ಮೈಕ್ ಆರಿಹೋಗುತ್ತದೆ. ಕೈಬರಹ ಕಷ್ಟದ್ದಾಗಿದ್ದರೆ ಮೊದಲು ಪುಟವನ್ನೊಮ್ಮೆ ಓದಿಕೊಳ್ಳುವುದೇ ಲೇಸು. ನಮ್ಮಲ್ಲಿ ಓದಲು ಬರುವ ಪಿಯುಸಿ ಹುಡುಗಿಗೆ ಪುಟಕ್ಕೆ 8 ರೂಪಾಯಿ ಕೊಡುತ್ತೇವೆ; ಅವಳ ಉಚ್ಚಾರ ನನ್ನದಕ್ಕಿಂತ ಶುದ್ಧ, ಪುಟಕ್ಕೆ ಹತ್ತು ಹನ್ನೆರಡು ತಪ್ಪು ಮಾತ್ರ.

ಚಿಹ್ನೆಗಳ ಉಪಾಯ ಸಿಗುವವರೆಗೂ ಈ ಪದ್ಧತಿ ಕುಂಟುತ್ತಲೇ ಇತ್ತು. ಕನ್ನಡದಲ್ಲಿ ಪೂರ್ಣವಿರಾಮ ಎಂದರೆ ಚುಕ್ಕಿ ಬೀಳುತ್ತಿರಲಿಲ್ಲ, 'ಪೂರ್ಣ ವಿರಾಮ' ಎಂದು ಅಕ್ಷರದಲ್ಲೇ ಬರುತ್ತಿತ್ತು, ಅದೂ ಒಮ್ಮೆ ಕೂಡಿಸಿ ಒಮ್ಮೆ ಬಿಡಿಸಿ. ಹಾಗಾಗಿ ದಾಖಲೆಯಲ್ಲಿ ಎಂದೂ ಬಾರದ ಒಂದು ಪದವನ್ನು ಚುಕ್ಕಿಯ ಬದಲು ಹೇಳಿ, ಕೊನೆಗೆ ಒಂದೇ ಸಲಕ್ಕೆ ಬದಲಿಸುವುದು. ಮೊದಲು ಆರಿಸಿದ್ದು 'ಒಂಟೆ'. ಜಮೀನಿನ ಪತ್ರದಲ್ಲಿ ಸಾಲಿಗೊಂದು ಗುಂಟೆ ಬರುವಾಗ ಒಂಟೆ ಗುಂಟೆಯಾಗಿ, ಗುಂಟೆ ಒಂಟೆಯಾಗಿ, ಬದಲಿಸುವಾಗ ಗುಂಟೆಗಳೇ ಮಾಯವಾಗಿ ಅಲ್ಲಿ ಚುಕ್ಕಿ ಬಂತು. 'ಗಿಳಿ' ಎಂದರೆ ಗಿರಿ ಆಯಿತು. ಎರಡಕ್ಷರದ ಪದ ಬೇಡ, ಮಹಾಪ್ರಾಣ ಇರುವ ಪದ ಬೇಡ, ಊರ ಹೆಸರಿನಲ್ಲಿ ಬರುವಂಥದ್ದೂ ಬೇಡ. ಈಗ ಚುಕ್ಕಿಗೆ 'ಜಿರಾಫೆ' (ಇದರ ಫಕಾರ ಇಂಗ್ಲಿಷಿನ ಎಫ್‌ನಂತೆ, ಮಹಾಪ್ರಾಣವಲ್ಲ). ನೂರಕ್ಕೆ ತೊಂಬತ್ತೈದು ಸಲವಾದರೂ ಸರಿಯಾಗಿ ಬರುತ್ತದೆ. ಪ್ಯಾರಾ ಮುರಿಯಲು ಮತ್ತು ತಪ್ಪಿದ ವಾಕ್ಯ ಗುರುತಿಸಲು ಇನ್ನೆರಡು ಪದಗಳಿವೆ. ಅವನ್ನು ಹುಡುಕಿಕೊಳ್ಳಲು ನನಗೆ ತಿಂಗಳು ಹಿಡಿಯಿತು, ಇಲ್ಲಿ ಹೇಳುವುದಿಲ್ಲ. ನಿಮ್ಮ ಬಾಯಿಗೆ ಹೊಂದುವ ಪದ ನೀವೇ ಹುಡುಕಿಕೊಳ್ಳಿ.

ಬದಲಿಸುವುದು ಡಾಕ್ಸಿನಲ್ಲಿ ಬೇಡ. ಕಡತವನ್ನು ವರ್ಡ್ ರೂಪದಲ್ಲಿ ಇಳಿಸಿಕೊಂಡು ವರ್ಡಿನಲ್ಲಿ ಕಂಟ್ರೋಲ್ ಎಚ್ ಒತ್ತಿ. ಹುಡುಕುವ ಜಾಗದಲ್ಲಿ ಜಿರಾಫೆಯ ಹಿಂದಿನ ಖಾಲಿ ಜಾಗವನ್ನೂ ಸೇರಿಸಬೇಕು, ಇಲ್ಲದಿದ್ದರೆ ಚುಕ್ಕಿಯ ಮೊದಲು ಸಂದು ಉಳಿಯುತ್ತದೆ. ಪ್ಯಾರಾ ಪದಕ್ಕೆ ಬದಲಾಗಿ, ಮೋರ್ ಒತ್ತಿ, ಸ್ಪೆಷಲ್ ಗುಂಡಿಯಲ್ಲಿ ಪ್ಯಾರಾಗ್ರಾಫ್ ಮಾರ್ಕ್ ಆರಿಸಿ.

ಅಂಕಿಗಳನ್ನು ಧ್ವನಿಯಲ್ಲಿ ಹೇಳಲೇಬೇಡಿ. ಇದು ನಿಯಮ ಎಂದೇ ಇಟ್ಟುಕೊಳ್ಳಿ. 'ಒಂದು' ಎಂದರೆ ಒಮ್ಮೆ ಅಂಕಿ ಒಮ್ಮೆ ಅಕ್ಷರ. ಸರ್ವೆ ನಂಬರಿನ ಹಿಸ್ಸಾ (ಉಪಭಾಗ) ತೋರಿಸುವ ಓರೆಗೆರೆಗೆ 'ಬಾರ್' ಎಂದರೆ ಅದು 'ಬಾರೆ'. ಮೊಬಲಗನ್ನು ಅಕ್ಷರದಲ್ಲಿ ಬರೆಯಬೇಕಾದಲ್ಲಿ ಅಂಕಿ. ಅಂಕಿ ಬಂದಲ್ಲೆಲ್ಲ 'ಪೆನ್ಸಿಲ್' ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ವರ್ಡಿನಲ್ಲಿ ಅದನ್ನು ಹಳದಿ ಹೈಲೈಟ್ ಇರುವ ಗೆರೆಯಾಗಿ ಬದಲಿಸಿ (ಬದಲಿಸುವ ಜಾಗದಲ್ಲಿ ಕರ್ಸರ್ ಇಟ್ಟು ಮೋರ್, ಫಾರ್ಮ್ಯಾಟ್, ಹೈಲೈಟ್), ಮೂಲಪತ್ರ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ತುಂಬುವುದು. ಹಳದಿ ಉಳಿದಿದ್ದರೆ ಕೆಲಸ ಮುಗಿದಿಲ್ಲ ಎಂದರ್ಥ. ತುಂಬಿದ ಮೇಲೆ ಒಂದು ಪರೀಕ್ಷೆ ಇದೆ: ಎಕರೆಗೆ 40 ಗುಂಟೆಯಾದ್ದರಿಂದ ಎಕರೆಯ ಮುಂದೆ ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಎಲ್ಲೋ ತಪ್ಪಿದೆ. ಆಧಾರ್ ಸಂಖ್ಯೆಯನ್ನಂತೂ ಮೈಕಿಗೆ ಹೇಳಲೇಬಾರದು; ನಿಮ್ಮ ಧ್ವನಿ ನೆಟ್ ಮೂಲಕ ಹೊರಗಿನ ಸರ್ವರಿಗೆ ಹೋಗುತ್ತದೆ. ಪತ್ರ ತಂದವರಿಗೂ ಈ ಮಾತು ಮೊದಲೇ ಹೇಳಿ ಕೇಳಿಕೊಳ್ಳುತ್ತೇವೆ. ಒಪ್ಪದವರದ್ದನ್ನು ಕೈಯಲ್ಲೇ ಟೈಪ್ ಮಾಡುತ್ತೇವೆ.

ಊರ ಹೆಸರುಗಳು ಇನ್ನೊಂದು ತಲೆನೋವು. ಕೊತ್ತತ್ತಿ, ಬಸರಾಳು, ಕೆರಗೋಡು, ದುದ್ದ: ನಮ್ಮ ತಾಲ್ಲೂಕಿನ ಹೋಬಳಿಗಳಲ್ಲೇ ಕೊತ್ತತ್ತಿ ಮೂರು ಸಲಕ್ಕೆ ಮೂರು ಥರ ಬಂದದ್ದಿದೆ. ಕೈಯಲ್ಲಿ ಟೈಪ್ ಮಾಡುವಾಗ ಇಂಥವಕ್ಕೆ ವರ್ಡಿನ ಆಟೋಕರೆಕ್ಟ್ ಸಾಕು. ತಪ್ಪು ರೂಪ ಎಡಕ್ಕೆ, ಸರಿ ರೂಪ ಬಲಕ್ಕೆ ಸೇರಿಸಿ. ಆದರೆ ಅದು ಟೈಪ್ ಮಾಡುವಾಗ ಮಾತ್ರ ಕೆಲಸ ಮಾಡುತ್ತದೆ, ಧ್ವನಿಯಿಂದ ಬಂದು ಅಂಟಿಸಿದ ಪಠ್ಯಕ್ಕಲ್ಲ. ಅಲ್ಲಿ ಕಂಟ್ರೋಲ್ ಎಚ್ ಒಂದೇ ದಾರಿ. 'ದರೋಬಸ್ತ್ ಹಕ್ಕು' (ಸಮಸ್ತ ಹಕ್ಕು) ಎಂಬಂಥ ಮಾತು ಬರುವ, ಪತ್ರದಿಂದ ಪತ್ರಕ್ಕೆ ಬದಲಾಗದ ಪ್ಯಾರಾಗಳನ್ನು ಓದುತ್ತ ಕೂರುವುದು ದಂಡ. ಅವನ್ನು ಒಮ್ಮೆ ಸರಿಯಾಗಿ ಟೈಪ್ ಮಾಡಿ, ಆಯ್ಕೆ ಮಾಡಿ, ಆಲ್ಟ್ ಎಫ್3 ಒತ್ತಿ ಚಿಕ್ಕ ಹೆಸರಿನಲ್ಲಿ ಉಳಿಸಿ. ಮುಂದೆ ಆ ಹೆಸರು ಬರೆದು ಎಫ್3 ಒತ್ತಿದರೆ ಇಡೀ ಪ್ಯಾರಾ ಬಂದು ಕೂರುತ್ತದೆ.

ಓದಿ ಹೇಳುವುದೂ ಬೇಡವೆಂದು ಫೋಟೊದಿಂದ ಅಕ್ಷರ ತೆಗೆಯುವುದನ್ನೂ ಪರೀಕ್ಷಿಸಿದ್ದೇವೆ. ಫೋಟೊವನ್ನು ಡ್ರೈವಿಗೆ ಏರಿಸಿ, ಬಲ ಕ್ಲಿಕ್ ಮಾಡಿ ಡಾಕ್ಸಿನಲ್ಲಿ ತೆರೆದರೆ ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಆಫ್‌ಸೆಟ್ ಮುದ್ರಣದ ಪುಸ್ತಕಕ್ಕೆ ಬಹಳ ಚೆನ್ನಾಗಿದೆ, ಧ್ವನಿಗಿಂತಲೂ ಕಡಿಮೆ ತಪ್ಪು. ಹಳೇ ಟೈಪ್‌ರೈಟರಿನ ಕಾರ್ಬನ್ ಪ್ರತಿಗೆ ಪ್ರಯೋಜನವಿಲ್ಲ, ಕೈಬರಹಕ್ಕೆ ಕೇಳಲೇಬೇಡಿ. ಚಿತ್ರ ನೇರವಾಗಿ ನಿಂತಿರಬೇಕು, 2 ಎಂಬಿ ಒಳಗಿದ್ದರೆ ಒಳ್ಳೆಯದು, ಎರಡು ಅಂಕಣದ ಪುಟವಾದರೆ ಅಂಕಣಕ್ಕೊಂದು ಚಿತ್ರವಾಗಿ ಕತ್ತರಿಸಿ. ವಾಟ್ಸ್ಆ್ಯಪಿನಲ್ಲಿ ಗಿರಾಕಿ ಫೋಟೊ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಫೋಟೊ ಆಗಿ ಬಂದರೆ ಕುಗ್ಗಿ ಅಕ್ಷರದ ಅಂಚು ಮಸುಕಾಗಿರುತ್ತದೆ. ಗಿರಾಕಿಯ ಧ್ವನಿ ಸಂದೇಶವನ್ನು ಸ್ಪೀಕರಿನಲ್ಲಿ ಹಾಕಿ ಇನ್ನೊಂದು ಫೋನಿಗೆ ಕೇಳಿಸುವ ಪ್ರಯೋಗವೂ ಆಯಿತು. ಅರ್ಧಕ್ಕರ್ಧ ಪದ ಬಿಟ್ಟುಹೋದವು. ಕಿವಿಯಲ್ಲಿ ಅದನ್ನು ಕೇಳುತ್ತ ನಾವೇ ಮತ್ತೆ ಹೇಳಿದರೆ ಸರಿಯಾಗಿ ಬರುತ್ತದೆ.

ಪ್ರೆಸ್ಸಿನವರು ಇನ್ನೂ ಯುನಿಕೋಡಿಗಿಂತ (ಫೋನು, ಡಾಕ್ಸ್ ಬಳಸುವ ಇಂದಿನ ಅಕ್ಷರ ಸಂಕೇತ) ಮುಂಚಿನ ಹಳೇ ಆಸ್ಕಿ ನುಡಿ ಫಾಂಟಿನಲ್ಲೇ ಕೇಳುತ್ತಾರಲ್ಲ, ಅದಕ್ಕೆ ಒಂದು ಮಾತು. ಜಿರಾಫೆ ಪೆನ್ಸಿಲ್ ಎಲ್ಲ ಯುನಿಕೋಡಿನಲ್ಲೇ ಮುಗಿಸಿ, ಆಮೇಲೆ ನುಡಿಯ ಪರಿವರ್ತಕಕ್ಕೆ ಹಾಕಿ. ನಡುವೆ ಇರುವ ಇಂಗ್ಲಿಷ್ ಪದಗಳಿಗೆ ನುಡಿ ಫಾಂಟ್ ಬಿದ್ದರೆ ಅವು ಕನ್ನಡ ಕಲಸುಮೇಲೋಗರವಾಗುತ್ತವೆ, ಮೊದಲೇ ಬಣ್ಣ ಹಚ್ಚಿಟ್ಟುಕೊಳ್ಳಿ. 'ರ‍್ಯಾಂಕ್', 'ರ‍್ಯಾಲಿ' ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆ ಅಕ್ಷರ ಇರುತ್ತದೆ, ಪರಿವರ್ತನೆಯಾದ ಮೇಲೆ ಅಲ್ಲಿ ಚೌಕ ಕಾಣಿಸಿದರೆ ಅಳಿಸಿ. ಹಳೇ ಕಡತಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆಯನ್ನು ಒತ್ತಿರುವವರೂ ಇದ್ದಾರೆ. ನೋಡಲು ಒಂದೇ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ.

ಕೊನೆಯ ಕರಡು ತಿದ್ದುವುದನ್ನು ಕಣ್ಣಿಗಿಂತ ಕಿವಿಗೆ ಒಪ್ಪಿಸಿದ್ದೇವೆ. ಮುಗಿದ ಪಠ್ಯವನ್ನು ನೋಟ್‌ಪ್ಯಾಡಿಗೆ ಅಂಟಿಸಿ, ಯುಟಿಎಫ್-8 ಆಗಿ ಉಳಿಸಿ, ಎಡ್ಜ್ ಬ್ರೌಸರಿನಲ್ಲಿ ತೆರೆದು ಕಂಟ್ರೋಲ್ ಶಿಫ್ಟ್ ಯು ಒತ್ತಿದರೆ ಅದು ಜೋರಾಗಿ ಓದುತ್ತದೆ. ಧ್ವನಿ ಆಯ್ಕೆಯಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ. ಪಿಡಿಎಫ್ ಮಾಡಿ ಓದಿಸಲು ಹೋಗಬೇಡಿ, ಅದರೊಳಗೆ ಒತ್ತಕ್ಷರಗಳ ಕ್ರಮ ಕೆಟ್ಟಿದ್ದು ತೊದಲುತ್ತದೆ. ಮೂಲ ಕೈಬರಹದ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದರೆ ಕಣ್ಣು ದಾಟಿಬಿಟ್ಟ 'ಆಸನ' ಕಿವಿಗೆ ತಟ್ಟನೆ ತಗಲುತ್ತದೆ. ಪುಟಕ್ಕೆ ಎರಡು ನಿಮಿಷ ಹೆಚ್ಚು. ಮೊನ್ನೆ 64 ಪುಟದ ವಿಭಾಗಪತ್ರಗಳ ಕಂತೆಯನ್ನು ಎರಡು ದಿನದಲ್ಲಿ ಮುಗಿಸಿ ಕೊಟ್ಟಾಗ ತಿದ್ದುಪಡಿಗೆಂದು ವಾಪಸ್ ಬಂದದ್ದು ಮೂರೇ ಪುಟ. ಆ ಮೂರರಲ್ಲೂ ತಪ್ಪಿದ್ದದ್ದು ಕೈಯಲ್ಲಿ ತುಂಬಿದ ಅಂಕಿಗಳು. ಅಂಕಿ ತುಂಬಿದ ಮೇಲೆ ಆ ಸಾಲುಗಳನ್ನಷ್ಟೇ ಮತ್ತೊಮ್ಮೆ ಓದಿಸಿ ಕೇಳುವುದನ್ನು ಈಗ ಸೇರಿಸಿಕೊಂಡಿದ್ದೇವೆ.