ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಯಾವ ಕೇಸು ಯಾವ ಮ್ಯಾಜಿಸ್ಟ್ರೇಟ್‌ಗೆ?

ಅಮೆರಿಕದ ಫೆಡರಲ್, ಅಂದರೆ ಕೇಂದ್ರದ, ಕೋರ್ಟುಗಳ ಸುದ್ದಿ ಓದುವಾಗ ಒಂದು ಗೊಂದಲ ಆಗುತ್ತದೆ. ಬೇಲ್ ಕೊಟ್ಟ ಜಡ್ಜ್ ಒಬ್ಬರು, ವಿಚಾರಣೆ ನಡೆಸುವವರು ಇನ್ನೊಬ್ಬರು. ಬೇಲ್ ಕೊಟ್ಟವರು ಸಾಮಾನ್ಯವಾಗಿ ‘ಮ್ಯಾಜಿಸ್ಟ್ರೇಟ್ ಜಡ್ಜ್’. 1968ರ ಕಾಯ್ದೆಯಿಂದ ಬಂದ ಹುದ್ದೆ ಇದು. ಪೂರ್ಣಾವಧಿಯವರನ್ನು ಆಯಾ ಕೋರ್ಟಿನಲ್ಲಿ ಮುಖ್ಯ ವಿಚಾರಣೆ ನಡೆಸುವ ಜಿಲ್ಲಾ ಜಡ್ಜ್‌ಗಳೇ 8 ವರ್ಷಕ್ಕೆ ನೇಮಿಸುತ್ತಾರೆ. ಹೆಸರು ಕೇಳಿ ನಮ್ಮ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಅಂದರೆ ಜೆಎಂಎಫ್‌ಸಿ ಅಂದುಕೊಳ್ಳಬೇಡಿ.

ಮೊದಲ ಹಂತ ಬಂಧನ. ಆರೋಪಿಯನ್ನು ತಡಮಾಡದೆ ಹಾಜರುಪಡಿಸಬೇಕು. ಯಾರ ಮುಂದೆ? ದೊಡ್ಡ ಕೋರ್ಟುಗಳಲ್ಲಿ ಮ್ಯಾಜಿಸ್ಟ್ರೇಟ್‌ಗಳಿಗೆ ಪಾಳಿ ಇರುತ್ತದೆ. ಅವತ್ತು ಯಾರ ಪಾಳಿಯೋ ಅವರ ಮುಂದೆ, ಅಷ್ಟೇ. ಆಗ ಕೇಸಿನ ನಂಬರಿನಲ್ಲಿ ‘ಎಂಜೆ’ (ಮ್ಯಾಜಿಸ್ಟ್ರೇಟ್ ಜಡ್ಜ್) ಎಂಬ ಅಕ್ಷರಗಳಿರುತ್ತವೆ.

ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ದೋಷಾರೋಪ ಹೊರಿಸಿದ ಮೇಲೆ ಅದು ‘ಸಿಆರ್’ (ಕ್ರಿಮಿನಲ್) ಆಗುತ್ತದೆ. ಈಗ ಜಿಲ್ಲಾ ಜಡ್ಜ್ ಯಾರು ಅಂತ ತೀರ್ಮಾನವಾಗಬೇಕು. ಸಾಮಾನ್ಯವಾಗಿ ಇದು ಲಾಟರಿ ಥರ, ಹೆಚ್ಚಿನ ಕಡೆ ಕಂಪ್ಯೂಟರ್ ಎತ್ತುತ್ತದೆ. ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯ ನಿಯಮ ನನಗೆ ಬಹಳ ಇಷ್ಟ. ಅಲ್ಲಿ ಪಾಳಿಯಲ್ಲಿರುವ ಮ್ಯಾಜಿಸ್ಟ್ರೇಟೇ ಎಲ್ಲರೆದುರು, ತೆರೆದ ಕೋರ್ಟಿನಲ್ಲಿ, ಹೆಸರುಗಳನ್ನು ಹಾಕಿಟ್ಟ ‘ಚಕ್ರ’ದಿಂದ ಜಡ್ಜ್ ಹೆಸರು ಎತ್ತಬೇಕು. ತಮಗೆ ಬೇಕಾದ ಜಡ್ಜನ್ನು ಹುಡುಕಿಕೊಳ್ಳುವ ಆಟ ಅಲ್ಲಿಗೆ ನಿಂತಿತು, ಅಲ್ವಾ? ಅನೇಕ ಜಿಲ್ಲೆಗಳಲ್ಲಿ ಜಡ್ಜ್ ಜೊತೆಗೇ ಒಬ್ಬ ಮ್ಯಾಜಿಸ್ಟ್ರೇಟ್ ಹೆಸರೂ ಹೀಗೇ ಬೀಳುತ್ತದೆ. ಒಂದೊಂದು ಕೋರ್ಟಿಗೆ ಒಂದೊಂದು ನಿಯಮ. ಹಳೆಯ ಕೇಸಿಗೆ ನಂಟಿದ್ದರೆ ಎಷ್ಟೋ ಕಡೆ ಅದೇ ಜಡ್ಜ್‌ಗೆ ಹೋಗುತ್ತದೆ.

ಇನ್ನು ಮುಖ್ಯ ಸಂಗತಿ: ಮ್ಯಾಜಿಸ್ಟ್ರೇಟ್ ಏನನ್ನು ತೀರ್ಮಾನಿಸಬಹುದು? ಶಿಕ್ಷೆಯ ಮಿತಿ ನೋಡಿ. 6 ತಿಂಗಳವರೆಗಿನ ಸಣ್ಣ ಅಪರಾಧವಾದರೆ ಆರೋಪಿಯ ಒಪ್ಪಿಗೆಯನ್ನೂ ಕೇಳದೆ ವಿಚಾರಣೆ ನಡೆಸಬಹುದು. ಅದಕ್ಕಿಂತ ಜಾಸ್ತಿ, ಒಂದು ವರ್ಷದವರೆಗೆ ಇದ್ದರೆ ಒಪ್ಪಿಗೆ ಬೇಕೇ ಬೇಕು. ಒಪ್ಪದಿದ್ದರೆ ಜಿಲ್ಲಾ ಜಡ್ಜ್ ಹತ್ತಿರ ಹೋಗಬೇಕು. ಒಂದು ವರ್ಷ ದಾಟುವ ಅಪರಾಧ, ಅಂದರೆ ‘ಫೆಲನಿ’ ಆದರೆ, ಆರೋಪಿ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಸುವಂತೆಯೇ ಇಲ್ಲ.

ಆದರೂ ಫೆಲನಿ ಕೇಸಿನಲ್ಲಿ ಅವರಿಗೆ ಕೈತುಂಬ ಕೆಲಸ. ವಾರಂಟು, ಬೇಲು, ಅರ್ಜಿಗಳು. ಸಾಕ್ಷ್ಯವನ್ನು ಹೊರಗಿಡಿ ಎಂಬ ಅರ್ಜಿ ಬಂದರೆ ಜಿಲ್ಲಾ ಜಡ್ಜ್ ಅದನ್ನು ಇವರಿಗೆ ಒಪ್ಪಿಸಬಹುದು. ಇವರು ವಾದ ಕೇಳಿ ಶಿಫಾರಸು ಬರೆಯುತ್ತಾರೆ, ಆದೇಶ ಮಾತ್ರ ಜಡ್ಜ್‌ದು. ಶಿಫಾರಸು ಆರೋಪಿಗೋ ಸರ್ಕಾರಕ್ಕೋ ಒಪ್ಪಿಗೆಯಾಗದಿದ್ದರೆ ಅವರು ಸಾಮಾನ್ಯವಾಗಿ 14 ದಿನದೊಳಗೆ ಆಕ್ಷೇಪಣೆ ಹಾಕಬೇಕು. ಸುಮ್ನೆ ಕೂತರೆ ಮರುಪರಿಶೀಲನೆ ಕೇಳುವ ಹಕ್ಕೇ ಹೋಗುತ್ತದೆ.