ಅರಸನಿಗೆ ಬುದ್ಧಿ ಹೇಳಿದ ಪುಸ್ತಕಗಳನ್ನು ಓದುವ ಬಗೆ

ವಿಜಯಪುರದ ಪದವಿ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಪಾಶ್ಚಾತ್ಯ ರಾಜಕೀಯ ಚಿಂತನೆಯ ಪತ್ರಿಕೆಯಲ್ಲಿ ‘ದಿ ಪ್ರಿನ್ಸ್’ ಬರೆದ ಇಟಲಿಯ ಚಿಂತಕ ಮೆಕಿಯಾವೆಲ್ಲಿಯ ಮೇಲೆ ಪ್ರಶ್ನೆ ಬಿದ್ದರೆ ಉತ್ತರಗಳು ಹೀಗೆ ಶುರುವಾಗುತ್ತವೆ: ‘ಅವನು ನೀತಿಯನ್ನು ರಾಜಕೀಯದಿಂದ ಬೇರ್ಪಡಿಸಿದ. ಅರಸ ಸಿಂಹದಂತೆ ಬಲಶಾಲಿಯೂ ನರಿಯಂತೆ ಕುಟಿಲನೂ ಆಗಿರಬೇಕೆಂದ.’ ಅವನ ಹಿಂದಿನ ನಾನೂರು ವರ್ಷಗಳಿಗೆ ‘ಮಧ್ಯಯುಗ, ಚರ್ಚಿನ ಪ್ರಾಬಲ್ಯ’ ಎಂದು ಒಂದು ಸಾಲು. ಗೈಡುಗಳಲ್ಲಿ ಇರುವುದೇ ಅಷ್ಟು, ಮಕ್ಕಳನ್ನು ದೂರುವಂತಿಲ್ಲ. ಆದರೆ ಹೀಗೆ ಓದಿದರೆ ಈ ವಿಷಯದ ಜೀವವೇ ಹೋಗುತ್ತದೆ. ಮೆಕಿಯಾವೆಲ್ಲಿ ಒಂದು ಹಳೆಯ ವಾದಕ್ಕೆ ಎದುರುತ್ತರ ಕೊಟ್ಟವನು. ಆ ವಾದ ಏನೆಂದು ಗೊತ್ತಿಲ್ಲದೆ ಉತ್ತರವನ್ನು ಕಂಠಪಾಠ ಮಾಡಿ ಪ್ರಯೋಜನವಿಲ್ಲ.

ಪದವಿ ವಿದ್ಯಾರ್ಥಿಗಳಿಗೂ ಕೆಎಎಸ್ ಪರೀಕ್ಷೆಗೆ ಕೂರುವವರಿಗೂ ಅರಸರಿಗೆ ಬುದ್ಧಿ ಹೇಳಿದ ಪುಸ್ತಕಗಳನ್ನು ಓದಲು ನಾನು ಹೇಳಿಕೊಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ದೊಡ್ಡ ಗ್ರಂಥಾಲಯ ಬೇಕಿಲ್ಲ. ಮೂಲ ಕೃತಿಗಳಲ್ಲಿ ಹಲವಕ್ಕೆ ಹಳೆಯ ಇಂಗ್ಲಿಷ್ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪಕ್ಕದಲ್ಲಿ ಒಂದು ನಿಘಂಟು, ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯಿರಿ. ಬರೆದವರು ಯಾರು, ಯಾರಿಗಾಗಿ ಬರೆದರು, ಬರೆಯುವಾಗ ಅವರ ಸ್ಥಿತಿ ಏನಾಗಿತ್ತು ಎಂಬುದಕ್ಕೆ ಮೂರು ಅಂಕಣ. ನಾಲ್ಕನೆಯದನ್ನು ಖಾಲಿ ಬಿಟ್ಟು ತಲೆಬರಹವಾಗಿ ‘ಕಡಿವಾಣ’ ಎಂದಷ್ಟೇ ಬರೆಯಿರಿ. ಅರಸರಿಗೆಂದು ಬರೆದ ಪ್ರತಿಯೊಂದು ಪುಸ್ತಕವೂ ಅರಸನಿಗೆ ಎಲ್ಲೋ ಒಂದು ಕಡೆ ಕಡಿವಾಣ ಹಾಕಲು ನೋಡುತ್ತದೆ. ಅದನ್ನು ಯಾರ ಕೈಗೆ ಕೊಡುತ್ತದೆ ಎಂಬುದರಲ್ಲೇ ಒಬ್ಬ ಚಿಂತಕನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಮೊದಲ ಸಾಲಿಗೆ ಸಾಲಿಸ್‌ಬರಿಯ ಜಾನ್. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಅವನು 1159ರಲ್ಲಿ ‘ಪೊಲಿಕ್ರಾಟಿಕಸ್’ ಬರೆದು ಮುಗಿಸಿ, ಆಗ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿಯ ಚಾನ್ಸಲರ್ ಆಗಿದ್ದ ಥಾಮಸ್ ಬೆಕೆಟ್‌ನಿಗೆ ಅರ್ಪಿಸಿದ. ಪುಸ್ತಕ ದೊಡ್ಡದು. ಐದನೆಯ ಭಾಗದಲ್ಲಿ ರಾಜ್ಯವನ್ನು ಒಂದು ದೇಹವಾಗಿ ಚಿತ್ರಿಸುವ ಪುಟಗಳಿಂದ ಶುರು ಮಾಡಿ. ಅರಸ ತಲೆ, ಧರ್ಮಗುರುಗಳು ಆತ್ಮ, ಮಂತ್ರಿಪರಿಷತ್ತು ಹೃದಯ, ನ್ಯಾಯಾಧೀಶರು ಮತ್ತು ಪ್ರಾಂತಾಧಿಕಾರಿಗಳು ಕಣ್ಣು ಕಿವಿ ನಾಲಗೆ, ಸೈನಿಕರು ಕೈ, ಖಜಾನೆ ನೋಡಿಕೊಳ್ಳುವವರು ಹೊಟ್ಟೆ, ರೈತರು ಕಾಲು. ಖಜಾನೆಯವರು ಅತಿಯಾಗಿ ತುಂಬಿಕೊಂಡು ಬಿಗಿಹಿಡಿದರೆ ಇಡೀ ದೇಹಕ್ಕೆ ರೋಗ ಎನ್ನುತ್ತಾನೆ. ನೆಲದ ಮೇಲೆ ನಡೆಯುವ ಕಾಲುಗಳಿಗೇ ಎಡವುವ ಅಪಾಯ ಹೆಚ್ಚು, ಆದ್ದರಿಂದ ತಲೆ ಹೆಚ್ಚು ಎಚ್ಚರ ವಹಿಸಬೇಕಾದದ್ದು ಕಾಲಿನ ಬಗ್ಗೆ ಎನ್ನುತ್ತಾನೆ. ಓದು ಬಾರದ ಅರಸ ಕಿರೀಟ ತೊಟ್ಟ ಕತ್ತೆ ಎಂಬ ಮಾತೂ ಇದೇ ಪುಸ್ತಕದಲ್ಲಿದೆ. ಕಾನೂನಿಗೆ ತಲೆಬಾಗುವವನು ಅರಸ, ಕಾನೂನನ್ನು ಮೆಟ್ಟುವವನು ಪ್ರಜಾಪೀಡಕ ಎಂದು ಗೆರೆ ಎಳೆದು, ಪ್ರಜಾಪೀಡಕನನ್ನು ಕೊಲ್ಲುವುದು ನ್ಯಾಯವೇ ಎನ್ನುವ ತನಕ ಹೋಗುತ್ತಾನೆ. ಹನ್ನೊಂದು ವರ್ಷಗಳ ನಂತರ, 1170ರ ಡಿಸೆಂಬರಿನಲ್ಲಿ, ಹೆನ್ರಿಯ ಕಡೆಯ ಯೋಧರು ಬೆಕೆಟ್‌ನನ್ನು ಕ್ಯಾಂಟರ್‌ಬರಿಯ ಚರ್ಚಿನೊಳಗೇ ಕೊಂದರು. ಆಗ ಬೆಕೆಟ್ ಆರ್ಚ್‌ಬಿಷಪ್ ಆಗಿದ್ದ. ಜಾನ್ ಅಂದು ಅದೇ ಊರಿನಲ್ಲಿದ್ದ. ಈ ಮನುಷ್ಯ ಪ್ರಜಾಪೀಡಕನ ಬಗ್ಗೆ ಬರೆದದ್ದು ತರಗತಿಯ ಕಸರತ್ತಾಗಿರಲಿಲ್ಲ ಎಂಬುದನ್ನು ಮೂರನೆಯ ಅಂಕಣದಲ್ಲಿ ಬರೆದುಕೊಳ್ಳಿ.

ಇಲ್ಲಿ ನಮ್ಮ ನೆಲದ ಒಂದು ಪುಸ್ತಕವನ್ನೂ ಸೇರಿಸಿ. ಜಾನ್‌ಗಿಂತ ಸುಮಾರು ಮೂವತ್ತು ವರ್ಷ ಮೊದಲು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ಮೊದಲ ವಿಂಶತಿ ಆರಂಭವಾಗುವುದು ಸುಳ್ಳನ್ನು ಬಿಡುವುದು, ಪರದ್ರೋಹವನ್ನು ಬಿಡುವುದು ಎಂಬ ನಿಯಮಗಳಿಂದ. ಎರಡನೆಯದರಲ್ಲಿ ಸ್ವಾಮಿ, ಅಮಾತ್ಯ, ರಾಷ್ಟ್ರ, ಕೋಶ, ದುರ್ಗ, ಬಲ, ಮಿತ್ರ ಎಂಬ ಏಳು ಅಂಗಗಳು. ಆನೆ, ಅಡುಗೆ, ಸಂಗೀತ, ಆಟಗಳೆಲ್ಲ ಆಮೇಲೆ ಬರುತ್ತವೆ. ಇದನ್ನು ಜಾನ್‌ನ ದೇಹದ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ರೈತ ಕಾಲಾಗಿ ಹೆಸರು ಹಿಡಿದು ಕಾಣಿಸುತ್ತಾನೆ, ಇಲ್ಲಿ ‘ರಾಷ್ಟ್ರ’ ಎಂಬುದರೊಳಗೆ ಸೇರಿಹೋಗಿದ್ದಾನೆ. ಅಲ್ಲಿ ಬರೆದವನು ಅರಸನ ಕೆಳಗಿದ್ದವನು, ಇಲ್ಲಿ ಅರಸನೇ ಬರೆದಿದ್ದಾನೆ. ಹಾಗಾಗಿ ಇಲ್ಲಿ ಕಡಿವಾಣವನ್ನು ಹೊರಗೆ ಹುಡುಕಿದರೆ ಸಿಗುವುದಿಲ್ಲ. ಅರಸನ ಆತ್ಮಸಂಯಮದಲ್ಲಿ, ಧರ್ಮದಲ್ಲಿ ಹುಡುಕಬೇಕು. ಅದು ದುರ್ಬಲ ಕಡಿವಾಣ ಎಂದು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇದ್ದರೆ ಕಾರಣ ಸಹಿತ ಬರೆಯಿರಿ.

ನಂತರ 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್. ಸೈಪ್ರಸ್‌ನ ದೊರೆಗೆಂದು ಬರೆಯತೊಡಗಿ ಅವನು ಅರ್ಧಕ್ಕೇ ಬಿಟ್ಟ ಪುಸ್ತಕದಲ್ಲಿ ಪ್ರಜಾಪೀಡಕನ ಕುರಿತ ಅಧ್ಯಾಯ ಒಂದಿದೆ. ಅದನ್ನು ಮಾತ್ರ ನಿಧಾನವಾಗಿ ಓದಿ. ಪ್ರಜಾಪೀಡಕನಾಗಲು ಅವಕಾಶವೇ ಸಿಗದಂತೆ ಅರಸನ ಅಧಿಕಾರವನ್ನು ಮೊದಲೇ ಹದಗೊಳಿಸಿ ಎನ್ನುತ್ತಾನೆ. ಅಷ್ಟಾದರೂ ಅರಸ ಕೆಟ್ಟರೆ ಒಬ್ಬೊಬ್ಬರು ತಮ್ಮಷ್ಟಕ್ಕೆ ಕತ್ತಿ ಎತ್ತಬಾರದು, ಸಾರ್ವಜನಿಕ ಅಧಿಕಾರದ ಮೂಲಕವೇ ಅವನನ್ನು ಇಳಿಸಬೇಕು. ಜಾನ್‌ನಿಂದ ಅಕ್ವಿನಾಸ್‌ಗೆ ಬರುವಷ್ಟರಲ್ಲಿ ಕಡಿವಾಣ ಕೋಪಗೊಂಡ ಒಬ್ಬನ ಕೈಯಿಂದ ಒಂದು ವ್ಯವಸ್ಥೆಯ ಕೈಗೆ ಬಂದಿದೆ. ಇದನ್ನು ಗುರುತಿಸಿದ ವಿದ್ಯಾರ್ಥಿ ಮಧ್ಯಯುಗವನ್ನು ಮತ್ತೆಂದೂ ಒಂದೇ ಸಾಲಿನಲ್ಲಿ ಬರೆಯುವುದಿಲ್ಲ.

ರೋಮಿನ ಜೈಲ್ಸ್ ಮುಂದೆ ಫ್ರಾನ್ಸಿನ ನಾಲ್ಕನೇ ಫಿಲಿಪ್ ಆದ ರಾಜಕುಮಾರನಿಗೆ ಬರೆದ ಗ್ರಂಥವನ್ನು ಹೆಸರಿಗೆ ತಿಳಿದರೆ ಸಾಕು. ಮೊದಲು ತನ್ನನ್ನು, ಆಮೇಲೆ ಮನೆಯನ್ನು, ಕೊನೆಗೆ ರಾಜ್ಯವನ್ನು ಆಳು ಎಂಬುದು ಅದರ ಮೂರು ಭಾಗಗಳ ಕ್ರಮ. ಪಡುವಾದ ಮಾರ್ಸಿಲಿಯಸ್‌ನನ್ನು ಮಾತ್ರ ಬಿಡಬೇಡಿ. 1324ರಲ್ಲೇ ಅವನು ಕಾನೂನು ಮಾಡುವ ಅಧಿಕಾರ ಜನರದ್ದು, ಅಥವಾ ಅವರಲ್ಲಿ ತೂಕವುಳ್ಳ ಭಾಗದ್ದು ಎಂದು ಬರೆದ. ಬರೆದವನು ತಾನೇ ಎಂದು ಬಯಲಾದಾಗ ಪ್ಯಾರಿಸ್ ಬಿಟ್ಟು ಪೋಪ್ ಜೊತೆ ಜಗಳದಲ್ಲಿದ್ದ ಜರ್ಮನಿಯ ದೊರೆ ಬವೇರಿಯಾದ ಲೂಯಿಯ ಆಶ್ರಯಕ್ಕೆ ಹೋಗಬೇಕಾಯಿತು. ಕ್ರಿಸ್ಟೀನ್ ದ ಪಿಸಾನ್‌ಳದ್ದೂ ಅಷ್ಟೇ ಮುಖ್ಯವಾದ ಸಾಲು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಲೇಖನಿಯಿಂದಲೇ ಮನೆ ನಡೆಸಿದ ಆಕೆ 15ನೇ ಶತಮಾನದ ಮೊದಲ ದಶಕದಲ್ಲಿ ಫ್ರಾನ್ಸಿನ ಯುವರಾಜನಿಗೆಂದು ಜಾನ್‌ನ ಅದೇ ದೇಹದ ಚಿತ್ರವನ್ನು ತೆಗೆದುಕೊಂಡು ಒಂದು ಪುಸ್ತಕ ಬರೆದಳು. ನಮ್ಮ ಪಠ್ಯಕ್ರಮದಲ್ಲಿ ಅವಳ ಹೆಸರು ಕಾಣಿಸದಿರುವುದು ನನಗೆ ಬೇಸರದ ವಿಷಯ.

ಮೆಕಿಯಾವೆಲ್ಲಿಗೆ ಹೋಗುವ ಮುನ್ನ ಇಟಲಿಯ ಕವಿ ಪೆಟ್ರಾರ್ಕ್‌ನ ಒಂದು ಪತ್ರ ಓದಲೇಬೇಕು. 1373ರಲ್ಲಿ ಅವನು ಪಡುವಾದ ಒಡೆಯ ಫ್ರಾಂಚೆಸ್ಕೊ ದ ಕರ್ರಾರನಿಗೆ ಅರಸ ಹೇಗಿರಬೇಕೆಂದು ದೀರ್ಘವಾಗಿ ಬರೆದ. ನ್ಯಾಯ, ಔದಾರ್ಯ ಎಂದೆಲ್ಲ ಹೇಳುತ್ತಾ ನಡುವೆ ಬೀದಿಗೆ ಇಳಿಯುತ್ತಾನೆ: ನಿನ್ನ ಇಷ್ಟು ಚೆಂದದ ಊರಿನಲ್ಲಿ ಹಂದಿಗಳು ಹಿಂಡುಹಿಂಡಾಗಿ ಅಲೆಯುತ್ತಿವೆ, ಅವನ್ನು ತಡೆ, ರಸ್ತೆ ದುರಸ್ತಿ ಮಾಡಿಸು, ಸುತ್ತಲಿನ ಜೌಗುನೀರನ್ನು ಬಸಿಯಿಸು. ತರಗತಿಯಲ್ಲಿ ಈ ಭಾಗ ಓದಿದಾಗ ಮಕ್ಕಳು ಎದ್ದು ಕೂರುತ್ತಾರೆ. ಆಳ್ವಿಕೆಯ ತತ್ವಜ್ಞಾನವೆಂದರೆ ದೇವರು, ಪೋಪ್, ಚಕ್ರವರ್ತಿ ಮಾತ್ರವಲ್ಲ, ಚರಂಡಿಯೂ ಹೌದು ಎಂಬುದು ಅವರಿಗೆ ಅಲ್ಲಿ ತಟ್ಟುತ್ತದೆ. ಅದೇ ಪತ್ರದಲ್ಲಿ ಪೆಟ್ರಾರ್ಕ್ ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಮಾತನ್ನು ಆಧರಿಸಿ, ಅಧಿಕಾರ ಉಳಿಸಿಕೊಳ್ಳಲು ಪ್ರೀತಿ ಗಳಿಸುವುದಕ್ಕಿಂತ ಒಳ್ಳೆಯ ದಾರಿಯಿಲ್ಲ, ಭಯ ಹುಟ್ಟಿಸುವುದಕ್ಕಿಂತ ಕೆಟ್ಟ ದಾರಿಯಿಲ್ಲ ಎಂದು ವಾದಿಸುತ್ತಾನೆ. ಈ ಸಾಲಿನ ಕೆಳಗೆ ಗೆರೆ ಎಳೆದಿಡಿ.

ಈಗ ‘ದಿ ಪ್ರಿನ್ಸ್’. ಇಪ್ಪತ್ತಾರು ಸಣ್ಣ ಅಧ್ಯಾಯಗಳು. ಒಂದರಿಂದ ಇಪ್ಪತ್ತಾರರ ತನಕ ಒಮ್ಮೆ ಓದಿ ಮುಗಿಸಿ, ಆಮೇಲೆ 15ರಿಂದ 19ನೇ ಅಧ್ಯಾಯಗಳಿಗೆ ಮರಳಿ. ಎದುರಿಗೆ ಸಿಸೆರೊ ತನ್ನ ಮಗನಿಗೆ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕವನ್ನು ಬಿಚ್ಚಿಟ್ಟುಕೊಳ್ಳಿ. ಅಂದಿನ ಇಟಲಿಯಲ್ಲಿ ಲ್ಯಾಟಿನ್ ಕಲಿತ ಪ್ರತಿ ಹುಡುಗನೂ ಓದುತ್ತಿದ್ದ ಪುಸ್ತಕ ಅದು. ಅದರ ಮೊದಲ ಭಾಗದಲ್ಲಿ ಸಿಸೆರೊ ಹೇಳುತ್ತಾನೆ: ಅನ್ಯಾಯ ಎರಡು ದಾರಿಗಳಲ್ಲಿ ನಡೆಯುತ್ತದೆ, ಬಲದಿಂದ ಅಥವಾ ಮೋಸದಿಂದ. ಮೋಸ ನರಿಯದ್ದು, ಬಲ ಸಿಂಹದ್ದು. ಎರಡೂ ಮನುಷ್ಯನಿಗೆ ತಕ್ಕದ್ದಲ್ಲ, ಅದರಲ್ಲೂ ಮೋಸ ಹೆಚ್ಚು ಹೇಯ.

ಇದನ್ನು ಓದಿದ ಮೇಲೆ 18ನೇ ಅಧ್ಯಾಯ ತೆರೆಯಿರಿ. ಹೋರಾಡಲು ಎರಡು ದಾರಿಗಳಿವೆ, ಕಾನೂನಿನದು ಮತ್ತು ಬಲದ್ದು; ಮೊದಲನೆಯದು ಮನುಷ್ಯನದು, ಎರಡನೆಯದು ಮೃಗಗಳದು; ಮೊದಲನೆಯದು ಎಷ್ಟೋ ಸಲ ಸಾಲದು, ಆದ್ದರಿಂದ ಎರಡನೆಯದೂ ಬೇಕು. ಅಕಿಲೀಸ್‌ನನ್ನು ಬೆಳೆಸಿದ ಗುರು ಕೈರಾನ್ ಅರ್ಧ ಮನುಷ್ಯ, ಅರ್ಧ ಕುದುರೆ ಆಗಿದ್ದದ್ದು ಇದಕ್ಕೇ ಎನ್ನುತ್ತಾನೆ. ನಂತರ ಬರುತ್ತವೆ ಸಿಂಹ ಮತ್ತು ನರಿ. ಸಿಂಹಕ್ಕೆ ಬಲೆಯಿಂದ ತಪ್ಪಿಸಿಕೊಳ್ಳಲು ಬಾರದು, ನರಿಗೆ ತೋಳಗಳಿಂದ ತಪ್ಪಿಸಿಕೊಳ್ಳಲು ಬಾರದು, ಆದ್ದರಿಂದ ಅರಸ ಎರಡೂ ಆಗಬೇಕು. ಸಿಸೆರೊನ ಅವೇ ಎರಡು ಪ್ರಾಣಿಗಳು, ಅದೇ ಜೋಡಿ. ಆದರೆ ತೀರ್ಪು ಪೂರ್ತಿ ತಲೆಕೆಳಗು. ಗೈಡಿನಲ್ಲಿ ಒಂದು ಅಂಶವಾಗಿ ಬರುವ ‘ಸಿಂಹ ಮತ್ತು ನರಿ’ ನಿಜದಲ್ಲಿ ಒಂದು ಸವಾಲು. ಎಲ್ಲರೂ ಬಾಲ್ಯದಲ್ಲಿ ಕಲಿತ ಪಾಠವನ್ನು ಹಿಡಿದು ಇದು ಈಗ ಕೆಲಸಕ್ಕೆ ಬರುವುದಿಲ್ಲ ಎಂದು ಅವನು ಮುಖಕ್ಕೆ ಹೇಳುತ್ತಿದ್ದಾನೆ. 17ನೇ ಅಧ್ಯಾಯವನ್ನೂ ಇದೇ ರೀತಿ ಪೆಟ್ರಾರ್ಕ್‌ನ ಪಕ್ಕದಲ್ಲಿಟ್ಟು ಓದಿ. ಪ್ರೀತಿ, ಭಯ ಎರಡೂ ಒಟ್ಟಿಗೆ ಸಿಗದಿದ್ದರೆ ಭಯವೇ ಸುರಕ್ಷಿತ ಎಂಬ ಮಾತು ಎಲ್ಲರಿಗೂ ಗೊತ್ತು. ಅದರ ನಂತರದ ಮಾತನ್ನು ಯಾರೂ ಬರೆಯುವುದಿಲ್ಲ: ಭಯ ಇರಲಿ, ಆದರೆ ದ್ವೇಷ ಕಟ್ಟಿಕೊಳ್ಳಬೇಡ, ಪ್ರಜೆಗಳ ಆಸ್ತಿಗೂ ಅವರ ಹೆಣ್ಣುಮಕ್ಕಳಿಗೂ ಕೈ ಹಾಕಬೇಡ, ತಂದೆ ಸತ್ತದ್ದನ್ನು ಜನ ಮರೆತಾರು, ತಂದೆಯ ಆಸ್ತಿ ಹೋದದ್ದನ್ನು ಮರೆಯುವುದಿಲ್ಲ. ಇಲ್ಲಿದೆ ಮೆಕಿಯಾವೆಲ್ಲಿಯ ಕಡಿವಾಣ. ದೇವರ ಕೈಯಿಂದ, ಚರ್ಚಿನ ಕೈಯಿಂದ ಅದನ್ನು ತೆಗೆದು ಜನರ ದ್ವೇಷದ ಕೈಗೆ ಕೊಟ್ಟಿದ್ದಾನೆ. ನಾಲ್ಕನೆಯ ಅಂಕಣ ತುಂಬಲು ಬಂದಾಗ ‘ಕಡಿವಾಣವಿಲ್ಲ’ ಎಂದು ಬರೆಯುವವರನ್ನು ನಾನು ಈ ಪುಟಕ್ಕೆ ವಾಪಸ್ ಕಳಿಸುತ್ತೇನೆ.

ಅವನ ಸ್ಥಿತಿಯನ್ನೂ ಮೂರನೆಯ ಅಂಕಣದಲ್ಲಿ ಪೂರ್ತಿ ಬರೆಯಿರಿ. 1498ರಿಂದ ಫ್ಲಾರೆನ್ಸ್ ಗಣರಾಜ್ಯದ ಅಧಿಕಾರಿ. 1512ರಲ್ಲಿ, ಹಿಂದೆ ಫ್ಲಾರೆನ್ಸನ್ನು ಆಳುತ್ತಿದ್ದ ಮೆಡಿಚಿ ಮನೆತನ ಮರಳಿದಾಗ ಕೆಲಸ ಹೋಯಿತು. ಮರುವರ್ಷ ಸಂಚಿನ ಅನುಮಾನದಲ್ಲಿ ಸೆರೆ, ಕೈಗಳನ್ನು ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ನೇತುಹಾಕುವ ಚಿತ್ರಹಿಂಸೆ. ಅದೇ ವರ್ಷ ಹಳ್ಳಿಯ ಮನೆಯಲ್ಲಿ ಕೂತು ಬರೆದ ಈ ಪುಸ್ತಕವನ್ನು ಕೊನೆಗೆ ಅರ್ಪಿಸಿದ್ದು ಅದೇ ಮೆಡಿಚಿ ಮನೆತನದ ಯುವಕನಿಗೆ. ಅಚ್ಚಾದದ್ದು 1532ರಲ್ಲಿ, ಅವನು ಸತ್ತು ಐದು ವರ್ಷಗಳ ಮೇಲೆ. 7ನೇ ಅಧ್ಯಾಯದಲ್ಲಿ ಪೋಪ್ ಒಬ್ಬನ ಮಗನೂ ದಂಡನಾಯಕನೂ ಆಗಿದ್ದ ಚೆಸಾರೆ ಬೋರ್ಜಿಯಾ ತನ್ನದೇ ಕ್ರೂರ ಅಧಿಕಾರಿ ರೆಮಿರೊನನ್ನು ಎರಡು ತುಂಡಾಗಿಸಿ ಚೆಸೆನಾದ ಚೌಕದಲ್ಲಿ ಇಡಿಸಿದ ಪ್ರಸಂಗ ಬರುತ್ತದೆ. 1502ರ ಡಿಸೆಂಬರಿನ ಆ ದಿನಗಳಲ್ಲಿ ಮೆಕಿಯಾವೆಲ್ಲಿ ಫ್ಲಾರೆನ್ಸಿನ ದೂತನಾಗಿ ಬೋರ್ಜಿಯಾನ ಬಳಿಯೇ ಇದ್ದ.

ಆ ಕಾಲದ ನಮ್ಮ ಊರನ್ನೂ ಅಂಚಿನಲ್ಲಿ ಬರೆದುಕೊಳ್ಳಿ. 1510ರಲ್ಲಿ ಪೋರ್ಚುಗೀಸರು ಬಿಜಾಪುರದಿಂದ ಗೋವೆಯನ್ನು ಕಿತ್ತುಕೊಂಡರು. ಗದ್ದುಗೆಯ ಮೇಲಿದ್ದವನು ಬಾಲಕ ಇಸ್ಮಾಯಿಲ್ ಆದಿಲ್ ಶಾ, ಆಡಳಿತ ಕಮಾಲ್ ಖಾನನ ಕೈಯಲ್ಲಿ. ಹೊಸದಾಗಿ ಬಂದ ರಾಜ್ಯವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಮೆಕಿಯಾವೆಲ್ಲಿಯ ಪ್ರಶ್ನೆ ಆ ವರ್ಷಗಳಲ್ಲಿ ಇಟಲಿಗೆ ಮಾತ್ರ ಸೇರಿದ್ದಾಗಿರಲಿಲ್ಲ.

25ನೇ ಅಧ್ಯಾಯವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅದೃಷ್ಟ ಉಕ್ಕಿಬರುವ ನದಿಯಂತೆ, ಪ್ರವಾಹ ಬಂದಾಗ ಓಡುವುದಷ್ಟೇ ದಾರಿ, ನೀರು ಇಳಿದಿದ್ದಾಗಲೇ ಒಡ್ಡು ಕಟ್ಟಬೇಕು ಎನ್ನುತ್ತಾನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಏನು ಮಾಡಿದರೆಂದು ಕಂಡ ಹುಡುಗಿಯೊಬ್ಬಳು ಈ ಪುಟ ಓದಿ, ‘ಮೇಡಂ, ಇವನು ಅರಸನಿಗೆ ಬೇಸಿಗೆಯ ಕೆಲಸ ಹೇಳುತ್ತಿದ್ದಾನೆ’ ಎಂದಳು. ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಗೊತ್ತಿಲ್ಲ.

ಮೆಕಿಯಾವೆಲ್ಲಿ ಮುಗಿದ ಕೂಡಲೇ ಅವನ ಕಾಲದವನೇ ಆದ ಡಚ್ ವಿದ್ವಾಂಸ ಎರಾಸ್ಮಸ್‌ನನ್ನು ಓದಿ. 1516ರಲ್ಲಿ, ಮುಂದೆ ಚಕ್ರವರ್ತಿ ಐದನೇ ಚಾರ್ಲ್ಸ್ ಆದ ಹದಿಹರೆಯದ ರಾಜಕುಮಾರನಿಗೆ ಬರೆದ ಪುಸ್ತಕ. ಬಡವರು ಬದುಕುವ ಧಾನ್ಯ, ರೊಟ್ಟಿ, ಬಟ್ಟೆಯ ಮೇಲೆ ತೆರಿಗೆ ಬೇಡ, ಶ್ರೀಮಂತರ ವಿಲಾಸದ ವಸ್ತುಗಳ ಮೇಲೆ ಹಾಕು ಎನ್ನುವ ಅಧ್ಯಾಯವನ್ನೂ ಯುದ್ಧದ ವಿರುದ್ಧದ ಕೊನೆಯ ಅಧ್ಯಾಯವನ್ನೂ ಓದಿದರೆ, ನವೋದಯ ಕಾಲವೆಂದರೆ ಮೆಕಿಯಾವೆಲ್ಲಿಯೊಬ್ಬನೇ ಎಂಬ ಭ್ರಮೆ ಹೋಗುತ್ತದೆ.

ಒಂದು ಎಚ್ಚರಿಕೆ. ಕೌಟಿಲ್ಯನನ್ನು ‘ಭಾರತದ ಮೆಕಿಯಾವೆಲ್ಲಿ’ ಎಂದು ಬರೆಯಬೇಡಿ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ‘ಅರ್ಥಶಾಸ್ತ್ರ’ ತೂಕ, ಸುಂಕ, ಗಣಿ, ದಂಡಗಳ ತನಕ ಇಡೀ ಆಡಳಿತ ಯಂತ್ರವನ್ನು ಕಟ್ಟುವ ಗ್ರಂಥ. ‘ದಿ ಪ್ರಿನ್ಸ್’ ಒಬ್ಬ ಹೊಸ ಅರಸನಿಗೆ ತುರ್ತಾಗಿ ಬರೆದ ಸಲಹೆ. ಮೋಸದ ಉಪಾಯಗಳು ಎರಡರಲ್ಲೂ ಇವೆಯೆಂದು ಎರಡೂ ಒಂದೇ ಆಗುವುದಿಲ್ಲ.

ಪರೀಕ್ಷೆಗೆ ಬರೆಯುವವರು ಉತ್ತರದ ಮೊದಲ ವಾಕ್ಯದಲ್ಲೇ ಪುಸ್ತಕ ಯಾರಿಗಾಗಿ ಬರೆದದ್ದೆಂದು ಹೇಳಿ, ಎರಡನೆಯದರಲ್ಲಿ ಅದು ಯಾವ ಹಳೆಯ ಮಾತಿಗೆ ಉತ್ತರವೆಂದು ಹೇಳಿ. ಆಮೇಲೆ ಕಡಿವಾಣಕ್ಕೆ ಬನ್ನಿ. ಹತ್ತು ಅಂಶಗಳ ಪಟ್ಟಿಗಿಂತ ಒಂದು ಅಧ್ಯಾಯದ ನಿಖರ ಉಲ್ಲೇಖಕ್ಕೆ ಹೆಚ್ಚು ಬೆಲೆ. ಮೌಲ್ಯಮಾಪನಕ್ಕೆ ಕೂತಾಗ ನಾನಂತೂ ಹಾಗೆಯೇ ಅಂಕ ಕೊಡುತ್ತೇನೆ.

ಈ ಓದನ್ನು 1576ಕ್ಕೆ ನಿಲ್ಲಿಸಿ. ಆ ವರ್ಷ ಬಂದ, ಫ್ರಾನ್ಸಿನ ನ್ಯಾಯಶಾಸ್ತ್ರಜ್ಞ ಜೀನ್ ಬೋಡಿನ್‌ನ ‘ಗಣರಾಜ್ಯದ ಆರು ಪುಸ್ತಕಗಳು’ ಕೃತಿಯಿಂದ ಚರ್ಚೆ ಅರಸನ ಗುಣದಿಂದ ಪರಮಾಧಿಕಾರದ ಕಡೆಗೆ ತಿರುಗುತ್ತದೆ. ಪರಮಾಧಿಕಾರ ನಿರಪೇಕ್ಷ, ಶಾಶ್ವತ ಎಂದವನು ಅವನು. ಇಷ್ಟು ಓದಿ ಕಡಿವಾಣದ ಅಂಕಣವನ್ನು ಖಾಲಿ ಬಿಡಬೇಡಿ. ಪ್ರಜೆಗಳ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವಂತಿಲ್ಲ ಎಂದೂ ಅದೇ ಪುಸ್ತಕದಲ್ಲಿದೆ. ಅದೇ ವರ್ಷ ಬ್ಲುವಾದಲ್ಲಿ ಸೇರಿದ ಪ್ರತಿನಿಧಿ ಸಭೆಯಲ್ಲಿ ಫ್ರಾನ್ಸಿನ ದೊರೆ ಮೂರನೇ ಹೆನ್ರಿ ಯುದ್ಧಕ್ಕೆಂದು ಹಣ ಕೇಳಿದಾಗ, ಅರಸೊತ್ತಿಗೆಯ ಭೂಮಿ ಮಾರಲು ಹೊರಟಾಗ, ಎದ್ದು ನಿಂತು ವಿರೋಧಿಸಿದವರಲ್ಲಿ ಬೋಡಿನ್ ಮುಂದಿದ್ದ.